ಹಳ್ಳಿಯ ನೆಲಕ್ಕೆ ಎಲ್ಲೆ ಇಟ್ಟುದು ಹೇಗೆ?

ಕಡಲ ನಡುವಿನ ಸಣ್ಣ ದ್ವೀಪವೊಂದನ್ನು ಊಹಿಸಿಕೊಳ್ಳೋಣ. ಸುತ್ತಲೂ ನೀರು, ಒಳಗೆ ಒಂದೇ ಊರು, ತೆಂಗಿನ ತೋಟ, ಗೆಡ್ಡೆಗೆಣಸಿನ ಮಡಿಗಳು, ಇಪ್ಪತ್ತು ಮೂವತ್ತು ಮನೆ. ಅಲ್ಲಿಯ ಜನರಿಗೆ ತಮ್ಮ ಊರಿನ ಎಲ್ಲೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲೆ ಬಂದು ಮುಟ್ಟುವಲ್ಲಿ ಊರು ಮುಗಿಯಿತು. ಆದರೆ ಊರಿನ ಒಳಗೆ? ಈ ತೆಂಗಿನ ಮರ ಯಾರದು, ಆ ಗೆಣಸಿನ ಮಡಿ ಯಾರದು ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಅದಕ್ಕೆ ಕಡಲು ಉತ್ತರ ಹೇಳಲಾರದು.

ಈಗ ನಮ್ಮ ನಾಡಿನ ಮರಳವಾಡಿಗೆ ಬರೋಣ. ಇದು ಬೆಂಗಳೂರಿನ ದಕ್ಷಿಣಕ್ಕೆ, ಹಾರೋಹಳ್ಳಿಯ ಆಚೆ ಇರುವ ಹೋಬಳಿಯ ಊರು. ಭೂಮಧ್ಯರೇಖೆಯಿಂದ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರಕ್ಕಿರುವುದರಿಂದ ಇದೂ ಉಷ್ಣವಲಯದ ಹಳ್ಳಿಯೇ. ಸುತ್ತ ಕೆಂಪು ಮಣ್ಣಿನ ಹೊಲಗಳು. ಅವುಗಳಲ್ಲಿ ರಾಗಿ, ಅವರೆ, ಹುರುಳಿ. ನೀರಿನ ಅನುಕೂಲವಿದ್ದ ಕಡೆ ಹಿಪ್ಪುನೇರಳೆ. ಅಲ್ಲಲ್ಲಿ ಮಾವಿನ ತೋಪು. ಒಂದು ಮಗ್ಗುಲಿಗೆ ಬನ್ನೇರುಘಟ್ಟದ ಕಾಡು. ಇಲ್ಲಿ ಸುತ್ತಲೂ ಕಡಲಿಲ್ಲ. ಒಬ್ಬನ ಹೊಲ ಮುಗಿದಲ್ಲಿ ಇನ್ನೊಬ್ಬನ ಹೊಲ, ಒಂದು ಗ್ರಾಮ ಮುಗಿದಲ್ಲಿ ಮತ್ತೊಂದು ಗ್ರಾಮ. ಎಲ್ಲೆಯೆಂಬುದೆಲ್ಲ ಮನುಷ್ಯರೇ ಇಟ್ಟುಕೊಂಡುದು. ಅದನ್ನು ಇಟ್ಟುದು ಹೇಗೆ, ಕಾಪಾಡಿಕೊಂಡು ಬಂದುದು ಹೇಗೆ, ಅದು ಕೆಟ್ಟಾಗ ಬದುಕೂ ಕೆಡುವುದೇಕೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನೆನಪೇ ದಾಖಲೆಯಾಗಿದ್ದ ಕಾಲ

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚಿನ ನೆಲ ಇಂದಿಗೂ ಮೂಲನಿವಾಸಿಗಳ ಕುಲಗಳ ಒಟ್ಟು ಸ್ವತ್ತು. ಅದನ್ನು ಯಾವ ಒಬ್ಬನೂ ಮಾರುವಂತಿಲ್ಲ. ಗೇಣಿಗೆ ಕೊಡುವುದನ್ನು ೧೯೪೦ರಲ್ಲಿ ಸ್ಥಾಪಿತವಾದ ಒಂದು ಮಂಡಲಿ ನೋಡಿಕೊಳ್ಳುತ್ತದೆ. ವನುವಾಟು ದ್ವೀಪಗಳು ೧೯೮೦ರಲ್ಲಿ ಸ್ವತಂತ್ರವಾದಾಗ ಅಲ್ಲಿಯ ಸಂವಿಧಾನವು ನೆಲವೆಲ್ಲ ಸಂಪ್ರದಾಯದಂತೆ ಅದರ ಒಡೆಯರಾದವರಿಗೆ ಸೇರಿದ್ದು ಎಂದು ಸಾರಿತು. ಸಂಪ್ರದಾಯದ ಒಡೆಯ ಯಾರು ಎಂಬುದನ್ನು ಹೇಳಬೇಕಾದವರು ಊರಿನ ಹಿರಿಯರು. ಯಾವ ಅಜ್ಜ ಯಾವ ಮರ ನೆಟ್ಟ, ಯಾವ ಹಳ್ಳದವರೆಗೆ ಕಾಡು ಕಡಿದ ಎಂಬ ನೆನಪೇ ಅಲ್ಲಿ ದಾಖಲೆ.

ನಮ್ಮಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಹಳೆಯ ಕನ್ನಡ ದಾನಶಾಸನಗಳನ್ನು ನೋಡಿದರೆ, ಕೊಟ್ಟ ನೆಲದ ನಾಲ್ಕು ದಿಕ್ಕಿನ ಎಲ್ಲೆಯನ್ನು, ಅಂದರೆ ಚತುಸ್ಸೀಮೆಯನ್ನು, ಹೇಳಿರುತ್ತದೆ. ಮೂಡಲಿಗೆ ಹುತ್ತ, ತೆಂಕಲಿಗೆ ಹಾಸುಬಂಡೆ, ಪಡುವಲಿಗೆ ಹಳ್ಳ ಎಂಬ ರೀತಿಯ ಗುರುತುಗಳು ಅವು. ದೇವರಿಗೂ ಬ್ರಾಹ್ಮಣರಿಗೂ ಬಿಟ್ಟ ಭೂಮಿಯ ಮೂಲೆಗಳಲ್ಲಿ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುತ್ತಿದ್ದರು. ನೆಲದ ವಿಸ್ತಾರವನ್ನು ಹೇಳುವುದಕ್ಕೆ ಬೀಜವರಿ ಎಂಬ ಅಳತೆ ಬಳಕೆಯಲ್ಲಿತ್ತು. ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲವೆಂದರೆ ಒಂದು ಖಂಡುಗದ ನೆಲ. ಬೇಸಾಯಗಾರನಿಗೆ ಇದು ಅರ್ಥವುಳ್ಳ ಅಳತೆಯೇ. ಆದರೆ ಒಳ್ಳೆಯ ನೆಲದಲ್ಲಿ ಬೀಜವನ್ನು ಒಂದು ಬಗೆಯಲ್ಲಿ, ಜಾಳು ನೆಲದಲ್ಲಿ ಇನ್ನೊಂದು ಬಗೆಯಲ್ಲಿ ಬಿತ್ತುತ್ತಾರೆ. ಆದುದರಿಂದ ಒಂದೂರಿನ ಖಂಡುಗ ಮತ್ತೊಂದೂರಿನ ಖಂಡುಗಕ್ಕೆ ಸಮನಾಗುತ್ತಿರಲಿಲ್ಲ.

ನೆನಪಿನ ದಾಖಲೆ ನಡೆಯಬೇಕಾದರೆ ಮೂರು ಅನುಕೂಲಗಳು ಬೇಕು: ಊರು ಸಣ್ಣದಾಗಿರಬೇಕು, ಜನ ಊರು ಬಿಟ್ಟು ಹೋಗಬಾರದು, ನೆಲ ಕೈಯಿಂದ ಕೈಗೆ ಮಾರಾಟವಾಗಬಾರದು. ಇವುಗಳಲ್ಲಿ ಒಂದು ತಪ್ಪಿದರೂ ತೊಡಕು. ವನುವಾಟುವಿನ ಎಫಾಟೆ ದ್ವೀಪದಲ್ಲಿ ಹೊರಗಿನವರು ಬಂದು ಕಡಲ ಅಂಚಿನ ನೆಲವನ್ನು ಬಹುವಾಗಿ ದೀರ್ಘಾವಧಿಯ ಗೇಣಿಗೆ ಹಿಡಿದರು. ಗುಂಪಿನ ನೆಲಕ್ಕೆ ಒಬ್ಬಿಬ್ಬರು ಸಹಿ ಹಾಕಿದಾಗ ಉಳಿದವರಿಗೆ ಸುದ್ದಿಯೇ ತಿಳಿಯಲಿಲ್ಲವೆಂಬ ದೂರುಗಳೆದ್ದವು. ಕೊನೆಗೆ ೨೦೧೩ರಲ್ಲಿ ಅಲ್ಲಿ ಹೊಸ ಕಾನೂನನ್ನೇ ಮಾಡಬೇಕಾಯಿತು. ದ್ವೀಪದ ಈ ಕಥೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮರಳವಾಡಿಯ ಸುತ್ತಿನಲ್ಲಿ ಇದಕ್ಕೆ ಹೋಲಿಕೆ ಮುಂದೆ ಕಾಣಬರುತ್ತದೆ.

ಸರಪಳಿ ಬಂದ ಬಗೆ

ನಾಡನ್ನು ಲೆಕ್ಕದ ಕಣ್ಣಿನಿಂದ ಅಳೆಯುವ ಕೆಲಸ ಮೈಸೂರು ಸೀಮೆಯಲ್ಲಿ ೧೭೯೯ರ ಯುದ್ಧ ಮುಗಿದ ಕೂಡಲೇ ಆರಂಭವಾಯಿತು. ಕಾಲಿನ್ ಮೆಕೆಂಜಿ ಸೀಮೆಯ ನಕ್ಷೆ ತೆಗೆಯಲು ತೊಡಗಿದನು. ವಿಲಿಯಂ ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಹೋಗಿ ಇಡೀ ಭರತಖಂಡವನ್ನು ಅಳೆದ ಮಹಾ ತ್ರಿಕೋನಮಿತೀಯ ಸರ್ವೆಗೆ ಆತನೇ ೧೮೦೨ರಲ್ಲಿ ಮದರಾಸಿನಲ್ಲಿ ಅಡಿಪಾಯ ಹಾಕಿದನು. ಆದರೆ ಈ ದೊಡ್ಡ ಸರ್ವೆಗಳು ಬೆಟ್ಟ ಎಲ್ಲಿದೆ, ಊರು ಎಲ್ಲಿದೆ ಎಂದು ಹೇಳಿದುವೇ ಹೊರತು ಆ ಊರಿನ ಹೊಲ ಯಾರದೆಂದು ಹೇಳಲಿಲ್ಲ.

ಆ ಕೆಲಸ ಕಂದಾಯ ಮೋಜಣಿಯದು. ಮುಂಬಯಿ ಪ್ರಾಂತದಲ್ಲಿ ೧೮೩೫ರ ಸುಮಾರಿಗೆ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿಯನ್ನು ಮೈಸೂರಿನಲ್ಲಿ ೧೮೬೩ರಿಂದ ಜಾರಿಗೆ ತಂದರು. ಒಂದೊಂದು ಗ್ರಾಮದ ಸಾಗುವಳಿ ಭೂಮಿಯನ್ನೂ ತುಂಡುಗಳಾಗಿ ವಿಂಗಡಿಸಿ, ತುಂಡಿಗೊಂದು ನಂಬರು ಕೊಟ್ಟು, ಮೂಲೆಗಳಿಗೆ ಕಲ್ಲು ನೆಟ್ಟರು. ಇಂದು ನಾವು 'ಸರ್ವೆ ನಂಬರು' ಎಂದು ಹೇಳುವುದು ಇದನ್ನೇ. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ, ಅತ್ಯುತ್ತಮ ನೆಲಕ್ಕೆ ಹದಿನಾರಾಣೆ ಎಂದು ಹಿಡಿದು, ಉಳಿದುವಕ್ಕೆ ಇಳಿಸುತ್ತ ಹೋಗಿ ದರ್ಜೆ ಕಟ್ಟಿದರು. ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆಯೂ ದಾಖಲೆಗೆ ಬಂದಿತು.

ಅಳೆಯಲು ಬಳಸಿದ ಸಾಧನ ಬಹಳ ಸರಳವಾದುದು: ೩೩ ಅಡಿ ಉದ್ದದ ಕಬ್ಬಿಣದ ಸರಪಳಿ. ಇಂಗ್ಲೆಂಡಿನ ಗುಂಟರ್ ಎಂಬ ಗಣಿತಜ್ಞ ಹದಿನೇಳನೆಯ ಶತಮಾನದಲ್ಲಿ ಬಳಕೆಗೆ ತಂದ ಸರಪಳಿ ೬೬ ಅಡಿಯದು; ಇದು ಅದರ ಅರ್ಧ. ಈ ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸಿದ್ದರು. ಈ ಉದ್ದವನ್ನೇ ಆರಿಸಿಕೊಂಡುದರಲ್ಲಿ ಒಂದು ಜಾಣತನವಿದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕಕ್ಕೆ ೧,೦೮೯ ಚದರಡಿ. ಇದೇ ಒಂದು ಗುಂಟೆ. ನಲವತ್ತು ಗುಂಟೆಗೆ ೪೩,೫೬೦ ಚದರಡಿ. ಅದೇ ಒಂದು ಎಕರೆ. ಆದುದರಿಂದ ಮೋಜಣಿದಾರನು ಉದ್ದವನ್ನೂ ಅಗಲವನ್ನೂ ಸರಪಳಿಯ ಲೆಕ್ಕದಲ್ಲಿ ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲಿಯೇ ದೊರೆಯುತ್ತದೆ.

ಹೊಲ ಚೌಕವಾಗಿರದಿದ್ದರೇನು ಮಾಡುವುದು? ನಮ್ಮ ಹಳ್ಳಿಗಳ ಹೊಲ ಯಾವುದು ತಾನೆ ಚೌಕವಾಗಿದೆ? ಅದಕ್ಕೂ ಉಪಾಯವುಂಟು. ಹೊಲದ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ನೇರಗೆರೆಯನ್ನು ಹಿಡಿಯಬೇಕು. ಉಳಿದ ಮೂಲೆಗಳಿಂದ ಆ ಗೆರೆಗೆ ಲಂಬಗಳನ್ನು ಇಳಿಸಬೇಕು. ಹೊಲವು ತ್ರಿಕೋನಗಳಾಗಿ ಒಡೆಯುತ್ತದೆ. ಉದಾಹರಣೆಗೆ, ನಡುಗೆರೆ ೧೨ ಸರಪಳಿ, ಎಡಗಡೆಯ ಮೂಲೆ ಅದರಿಂದ ೫ ಸರಪಳಿ ದೂರ, ಬಲಗಡೆಯದು ೩ ಸರಪಳಿ ದೂರ ಎಂದಿಟ್ಟುಕೊಳ್ಳೋಣ. ಎಡ ತ್ರಿಕೋನ ಹನ್ನೆರಡೈದಲ ಅರವತ್ತರ ಅರ್ಧ, ಅಂದರೆ ೩೦ ಗುಂಟೆ. ಬಲ ತ್ರಿಕೋನ ಹನ್ನೆರಡು ಮೂರಲ ಮೂವತ್ತಾರರ ಅರ್ಧ, ೧೮ ಗುಂಟೆ. ಒಟ್ಟು ೪೮ ಗುಂಟೆ, ಎಂದರೆ ಒಂದು ಎಕರೆ ಎಂಟು ಗುಂಟೆ. ಪ್ರೌಢಶಾಲೆಯ ಹುಡುಗನಿಗೂ ತಿಳಿಯುವ ಈ ಲೆಕ್ಕದ ಮೇಲೆ ನಾಡಿನ ಹೊಲಗಳೆಲ್ಲ ನಿಂತಿವೆ.

ಒಂದು ಅಂಗುಲದ ಬೆಲೆ

ಲೆಕ್ಕ ಸರಳವಾದರೂ ಅಳತೆ ಸುಲಭವಲ್ಲ. ಕಬ್ಬಿಣದ ಸರಪಳಿಯನ್ನು ದಿನವೂ ಎಳೆಯುತ್ತಿದ್ದರೆ ಕೊಂಡಿಗಳು ಸವೆದು ಹಿಗ್ಗುತ್ತವೆ. ೩೩ ಅಡಿಯ ಸರಪಳಿ ಒಂದೇ ಒಂದು ಅಂಗುಲ ಉದ್ದವಾಯಿತೆನ್ನೋಣ. ಉದ್ದದಲ್ಲಿ ತಪ್ಪು ೩೯೬ರಲ್ಲಿ ಒಂದು. ವಿಸ್ತಾರವು ಉದ್ದ ಅಗಲಗಳೆರಡನ್ನೂ ಅವಲಂಬಿಸಿರುವುದರಿಂದ ಅಲ್ಲಿ ತಪ್ಪು ಇಮ್ಮಡಿ, ಸುಮಾರು ಇನ್ನೂರರಲ್ಲಿ ಒಂದು. ಐದು ಎಕರೆಯ ಹೊಲದಲ್ಲಿ ಇರುವುದು ಇನ್ನೂರು ಗುಂಟೆ. ಎಂದರೆ ಆ ಒಂದು ಅಂಗುಲವು ರೈತನ ಒಂದು ಗುಂಟೆಯನ್ನು ಕಾಗದದ ಮೇಲೆ ನುಂಗಿಬಿಟ್ಟಿತು!

ಇಳಿಜಾರಿನದು ಇನ್ನೊಂದು ತೊಡಕು. ಮರಳವಾಡಿಯ ಕಡೆಯ ನೆಲ ಏರುತಗ್ಗಿನದು. ಸರಪಳಿಯನ್ನು ನೆಲದ ಮೇಲೆಯೇ ಎಳೆದರೆ ಏರಿನ ಉದ್ದ ಬರುತ್ತದೆ. ದಾಖಲೆಗೆ ಬೇಕಾದುದು ಮಟ್ಟಸವಾದ ಉದ್ದ. ಐದು ಅಡಿಗೆ ಒಂದು ಅಡಿ ಏರುವ ಜಾಗದಲ್ಲಿ ಈ ಎರಡಕ್ಕೂ ನೂರಕ್ಕೆ ಸುಮಾರು ಎರಡರಷ್ಟು ವ್ಯತ್ಯಾಸವಾಗುತ್ತದೆ. ಆದುದರಿಂದ ಅನುಭವಿಯಾದ ಮೋಜಣಿದಾರನು ಸರಪಳಿಯನ್ನು ಮಟ್ಟವಾಗಿ ಹಿಡಿಸಿ, ತುದಿಯಿಂದ ತೂಕದ ಗುಂಡನ್ನು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಾನೆ.

ಅಂಗುಲದ ಮಾತು ಬಂದಾಗ ನೆರೆಹೊರೆಯ ನೇಗಿಲನ್ನೂ ನೆನೆಯಬೇಕು. ಎರಡು ಹೊಲಗಳ ನಡುವಣ ಬದುವಿನ ಉದ್ದ ಹತ್ತು ಸರಪಳಿ, ಎಂದರೆ ೩೩೦ ಅಡಿ ಇರಲಿ. ಒಬ್ಬನು ವರ್ಷಕ್ಕೆ ಒಂದು ಸಾಲು, ಒಂಬತ್ತು ಅಂಗುಲದಷ್ಟು, ಬದುವಿನ ಆಚೆಗೆ ಉತ್ತುಕೊಂಡು ಹೋದರೆ ಏನಾಗುತ್ತದೆ? ನಾಲ್ಕೂವರೆ ವರ್ಷ ತುಂಬುವುದರೊಳಗೆ ಒಂದು ಗುಂಟೆ ಅತ್ತಣಿಂದ ಇತ್ತ ಬಂದಿರುತ್ತದೆ. ಯಾವ ಒಂದು ದಿನವೂ ಯಾರೂ ಕದ್ದಂತೆ ಕಾಣುವುದಿಲ್ಲ. ಒತ್ತುವರಿಯೆಂಬುದು ಹಳ್ಳಿಯಲ್ಲಿ ಹೀಗೆ ಸದ್ದಿಲ್ಲದೆ ನಡೆಯುತ್ತದೆ. ಅದನ್ನು ಕಂಡುಹಿಡಿಯಬೇಕಾದರೆ ಅಲುಗದ ಗುರುತೊಂದು ಬೇಕು.

ಕಲ್ಲು ಮತ್ತು ಕಾಗದ

ಆ ಗುರುತೇ ಬಾಂದುಕಲ್ಲು. ಮರದ ಗೂಟವನ್ನು ನೆಟ್ಟರೆ ನಮ್ಮ ಮಳೆಗೂ ಗೆದ್ದಲಿಗೂ ಕೆಲವು ವರ್ಷ ತಾಳುವುದು ಕಷ್ಟ. ಮಣ್ಣಿನ ಗುಡ್ಡೆ ಕರಗುತ್ತದೆ. ಕನಕಪುರ, ರಾಮನಗರ ಸೀಮೆಗೆ ಕಲ್ಲಿನ ಬರವಿಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಕಣಶಿಲೆಯ ಪಟ್ಟಿ ಇಲ್ಲಿ ಹಾದುಹೋಗಿದೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಅಂಥ ಕಲ್ಲನ್ನು ಅರ್ಧಕ್ಕಿಂತ ಹೆಚ್ಚು ಹೂತಿಟ್ಟರೆ ತಲೆಮಾರುಗಳು ಕಳೆದರೂ ಕದಲುವುದಿಲ್ಲ. ಕೀಳುವ ಕೈ ಬಂದರೆ ಮಾತ್ರ ಅದು ಮಾಯವಾಗುತ್ತದೆ, ಇಲ್ಲವೆ ಲಂಟಾನದ ಪೊದೆಯಲ್ಲಿ ಮರೆಯಾಗುತ್ತದೆ.

ಕಲ್ಲು ಮಾಯವಾದರೆ ಅದನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸುವುದಕ್ಕೆ ಕಾಗದವಿದೆ. ಮೋಜಣಿದಾರನು ಹೊಲದಲ್ಲಿ ನಿಂತು ಬರೆದುಕೊಂಡ ಗೆರೆ, ಲಂಬಗಳ ಅಳತೆಯೇ ಟಿಪ್ಪಣಿ. ಪ್ರತಿ ಸರ್ವೆ ನಂಬರಿನ ವಿಸ್ತಾರ, ಖರಾಬು, ಕಂದಾಯಗಳನ್ನು ತೋರಿಸುವುದು ಆಕಾರ್‌ಬಂದ್. ಬಂಡೆ ಮೊದಲಾದುವುಗಳಿಂದ ಸಾಗುವಳಿಗೆ ಬಾರದ ನೆಲ 'ಅ' ಖರಾಬು. ದಾರಿ, ಹಳ್ಳಗಳಂತೆ ಸಾರ್ವಜನಿಕರಿಗೆ ಸೇರಿದ್ದು 'ಬ' ಖರಾಬು. ಯಾರು ಸ್ವಾಧೀನದಲ್ಲಿದ್ದಾರೆ, ಯಾವ ಬೆಳೆ ಇದೆ, ಯಾವ ಸಾಲವಿದೆ ಎಂಬುದನ್ನು ಹೇಳುವುದು ಪಹಣಿ. ಕಲ್ಲು ನೆಲದ ಮೇಲಿನ ಸಾಕ್ಷಿಯಾದರೆ ಟಿಪ್ಪಣಿಯು ಆ ಕಲ್ಲಿನ ಸಾಕ್ಷಿ.

ಈ ಕಾಗದವನ್ನು ಬಹುಕಾಲ ಕಾಯ್ದವನು ವಂಶಪಾರಂಪರ್ಯವಾಗಿ ಬಂದ ಶಾನುಭೋಗ. ೧೯೬೧ರ ಕಾನೂನಿನಿಂದ ಶಾನುಭೋಗ, ಪಟೇಲ, ತೋಟಿ, ತಳವಾರ ಮೊದಲಾದ ಪರಂಪರೆಯ ಹುದ್ದೆಗಳು ರದ್ದಾಗಿ, ಸಂಬಳದ ಗ್ರಾಮಲೆಕ್ಕಿಗರು ಬಂದರು. ಆ ವೇಳೆಗೆ ೧೯೫೪ರ ಕಾನೂನು ಇನಾಮುಗಳನ್ನು ರದ್ದುಮಾಡಿತ್ತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿ, ಉಳುತ್ತಿದ್ದವನು ತನ್ನ ಹೆಸರಿಗೆ ನೆಲ ಕೇಳುವ ಹಕ್ಕನ್ನು ಕೊಟ್ಟಿತು. ಪಹಣಿಯ ಕಾಲಂ ಒಂದರಲ್ಲಿ ಹೆಸರಿದೆಯೋ ಇಲ್ಲವೋ ಎಂಬುದರ ಮೇಲೆ ಕುಟುಂಬಗಳ ಹಣೆಬರಹ ತೀರ್ಮಾನವಾದ ಕಾಲವದು. ೨೦೦೦ದ ಸುಮಾರಿನಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು.

ಇಷ್ಟರಲ್ಲಿ ಮರಳವಾಡಿಯ ವಿಳಾಸವೇ ಎಷ್ಟು ಬಾರಿ ಬದಲಾಗಿದೆ ನೋಡಿ. ೧೯೮೬ರವರೆಗೆ ಬೆಂಗಳೂರು ಜಿಲ್ಲೆ. ಆಮೇಲೆ ಬೆಂಗಳೂರು ಗ್ರಾಮಾಂತರ. ೨೦೦೭ರಲ್ಲಿ ರಾಮನಗರ ಜಿಲ್ಲೆ. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು. ಕಾನಕಾನಹಳ್ಳಿ ಕನಕಪುರವಾಯಿತು, ಈಚೆಗೆ ಹಾರೋಹಳ್ಳಿ ಬೇರೆ ತಾಲ್ಲೂಕಾಗಿ ಮರಳವಾಡಿ ಹೋಬಳಿ ಅದಕ್ಕೆ ಸೇರಿತು. ಕಾಗದದ ತಲೆಬರಹ ಇಷ್ಟು ಸಲ ಬದಲಾದರೂ ಸರ್ವೆ ನಂಬರು, ಮೂಲೆಗಲ್ಲುಗಳು ಇದ್ದ ಹಾಗೆಯೇ ಇವೆ. ಒಳ್ಳೆಯ ಅಳತೆಯ ಗುಣವೇ ಅದು.

ಪಾಲಿನ ಗಣಿತ

ಕಲ್ಲು ನಿಂತಲ್ಲಿಯೇ ನಿಂತರೂ ಕುಟುಂಬ ಬೆಳೆಯುತ್ತದೆ. ಹತ್ತು ಸರಪಳಿ ಉದ್ದ, ಹದಿನಾರು ಸರಪಳಿ ಅಗಲದ ಒಂದು ಹೊಲವನ್ನು ತೆಗೆದುಕೊಳ್ಳೋಣ. ಅದು ೧೬೦ ಗುಂಟೆ, ಸರಿಯಾಗಿ ನಾಲ್ಕು ಎಕರೆ. ಅಜ್ಜನಿಗೆ ನಾಲ್ವರು ಮಕ್ಕಳು. ಒಬ್ಬೊಬ್ಬರಿಗೆ ಒಂದು ಎಕರೆ. ಆ ನಾಲ್ವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಕ್ಕಳಿಗೆ ಹತ್ತು ಹತ್ತು ಗುಂಟೆ. ಪ್ರತಿಯೊಂದು ಪಾಲೂ ೩೩೦ ಅಡಿ ಉದ್ದ, ೩೩ ಅಡಿ ಅಗಲದ ಪಟ್ಟಿ. ಜೋಡೆತ್ತು ಹೂಡಿ ತಿರುಗಿಸಿಕೊಳ್ಳುವುದೂ ಅಲ್ಲಿ ಇಕ್ಕಟ್ಟು.

ಇನ್ನೂ ಒಂದು ನಷ್ಟವಿದೆ. ಹದಿನಾರು ಪಟ್ಟಿಗಳ ನಡುವೆ ಹದಿನೈದು ಬದುಗಳು ಬೇಕು. ಬದುವಿನ ಅಗಲ ಎರಡೇ ಅಡಿ ಎಂದರೂ ಒಂದಕ್ಕೆ ೬೬೦ ಚದರಡಿ. ಹದಿನೈದಕ್ಕೆ ೯,೯೦೦ ಚದರಡಿ. ಇದು ಒಂಬತ್ತು ಗುಂಟೆಗಿಂತ ಸ್ವಲ್ಪ ಹೆಚ್ಚು. ಒಬ್ಬ ಮೊಮ್ಮಗನ ಪಾಲಿನಷ್ಟು ನೆಲ ಬರಿಯ ಬದುವಾಗಿ ಹೋಯಿತು. ಅಣ್ಣತಮ್ಮಂದಿರ ನಡುವೆ ಗೆರೆ ಎಳೆಯುವುದಕ್ಕೆ ತೆತ್ತ ಬೆಲೆಯಿದು.

ಇಂಥ ಪಾಲುಗಳನ್ನು ಮೋಜಣಿದಾರನು ಅಳೆದು ಹಿಸ್ಸಾ ನಂಬರು ಕೊಡುವುದಕ್ಕೆ ಪೋಡಿ ಎಂದು ಹೆಸರು. ಆದರೆ ಎಷ್ಟೋ ಕುಟುಂಬಗಳಲ್ಲಿ ಪಾಲು ಬಾಯಿಮಾತಿನಲ್ಲಿಯೇ ಆಗಿದೆ. ಪಹಣಿಯಲ್ಲಿ ಇಂದಿಗೂ ತೀರಿಹೋದ ಅಜ್ಜನ ಹೆಸರೇ ಇರುವುದುಂಟು. ಪೌತಿ ಖಾತೆಯೇ ಆಗಿರುವುದಿಲ್ಲ. ಉಳುವವನು ಮೊಮ್ಮಗ, ಕಾಗದದಲ್ಲಿರುವವನು ಅಜ್ಜ. ಬೆಳೆ ಸಾಲಕ್ಕೂ ಬೆಳೆ ನಷ್ಟದ ಪರಿಹಾರಕ್ಕೂ ಮೊಮ್ಮಗನು ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ.

ನೀರಿನ ಗೆರೆ, ಪಾಲಿನ ಗೆರೆ

ಹೊಲವನ್ನು ಉದ್ದುದ್ದವಾಗಿಯೇ ಏಕೆ ಸೀಳುತ್ತಾರೆ? ಇದಕ್ಕೆ ಕಾರಣವುಂಟು. ಇಳಿಜಾರಿನ ಹೊಲದಲ್ಲಿ ಮೇಲ್ಭಾಗದ ಮಣ್ಣು ಜಾಳು, ಮೊರಡು. ಕೆಳಭಾಗದಲ್ಲಿ ಮೆಕ್ಕಲು ನಿಂತು ಮಣ್ಣು ಆಳವಾಗಿರುತ್ತದೆ, ತೇವ ಬಹುದಿನ ನಿಲ್ಲುತ್ತದೆ. ಅಡ್ಡಡ್ಡವಾಗಿ ಹಂಚಿದರೆ ಒಬ್ಬನಿಗೆ ಕಲ್ಲು, ಒಬ್ಬನಿಗೆ ಕೆನೆ. ಮೇಲಿನಿಂದ ಕೆಳಕ್ಕೆ ಸೀಳಿದರೆ ಎಲ್ಲರಿಗೂ ಎರಡೂ ಸ್ವಲ್ಪ ಸ್ವಲ್ಪ ಸಿಕ್ಕುತ್ತದೆ. ಹಂಚಿಕೆಯ ದೃಷ್ಟಿಯಿಂದ ಇದು ನ್ಯಾಯವೇ.

ಆದರೆ ಮಳೆನೀರಿಗೆ ನಮ್ಮ ನ್ಯಾಯ ತಿಳಿಯದು. ಉದ್ದನೆಯ ಕಿರಿದಾದ ಪಟ್ಟಿಯಲ್ಲಿ ರೈತನು ಉದ್ದಕ್ಕೇ ಉಳಬೇಕು. ನೇಗಿಲಿನ ಸಾಲುಗಳು ಇಳಿಜಾರಿನಲ್ಲಿ ಕಾಲುವೆಗಳಂತಾಗುತ್ತವೆ. ಬಿರುಮಳೆ ಬಂದಾಗ ನೀರು ಆ ಸಾಲುಗಳಲ್ಲಿ ಓಡಿ ಮೇಲ್ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಮಣ್ಣನ್ನು ಹಿಡಿಯಬೇಕಾದರೆ ಬದು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗಬೇಕು. ಇದನ್ನೇ ಸಮಪಾತಳಿ ಬದು ಎನ್ನುವುದು. ಅಂಥ ಬದು ಹದಿನಾರು ಜನರ ಪಟ್ಟಿಗಳನ್ನೂ ಅಡ್ಡಹಾಯ್ದು ಹೋಗಬೇಕಾಗುತ್ತದೆ. ಒಬ್ಬನು ಒಪ್ಪದಿದ್ದರೆ ಅಲ್ಲಿ ಬದು ಕಡಿದು, ಕಡಿದಲ್ಲಿ ನೀರು ನುಗ್ಗುತ್ತದೆ. ಹೀಗೆ ಪಾಲಿನ ಗೆರೆ ಒಂದು ಕಡೆಗೆ, ನೀರಿನ ಗೆರೆ ಇನ್ನೊಂದು ಕಡೆಗೆ ಎಳೆಯುತ್ತವೆ. ಪಾಲಾದ ಮೇಲೂ ಬದುವಿನ ವಿಷಯದಲ್ಲಿ ಹದಿನಾರು ಜನರೂ ಒಟ್ಟಾಗಿರಬೇಕಾಗುತ್ತದೆ.

ಅಳತೆಗೆ ಸಿಕ್ಕದ ಮನೆಗಳು

ಇದುವರೆಗೆ ಹೊಲದ ಮಾತಾಯಿತು. ಮನೆಯ ಮಾತೇನು? ಆಶ್ಚರ್ಯದ ಸಂಗತಿಯೆಂದರೆ, ಹೊಲವನ್ನು ಆಣೆ ಆಣೆಯಾಗಿ ಅಳೆದ ಹಳೆಯ ಮೋಜಣಿ ಜನರು ವಾಸಿಸುವ ಊರನ್ನು ಒಳಹೊಕ್ಕು ಅಳೆಯಲಿಲ್ಲ. ಕಂದಾಯ ಬರುವುದು ಬೆಳೆಯಿಂದ, ಮನೆಯಿಂದಲ್ಲ. ಆದುದರಿಂದ ಊರಿನ ಸುತ್ತ ಒಂದು ಗೆರೆ ಎಳೆದು ಅದನ್ನು ಗ್ರಾಮಠಾಣಾ ಎಂದು ಕರೆದು ಬಿಟ್ಟುಬಿಟ್ಟರು. ಒಳಗೆ ಯಾರ ಗೋಡೆ ಎಲ್ಲಿಯವರೆಗೆ, ಹಿತ್ತಿಲು ಯಾರದು, ತಿಪ್ಪೆಯ ಜಾಗ ಯಾರದು ಎಂಬುದೆಲ್ಲ ನೆನಪಿಗೇ ಉಳಿಯಿತು. ಈ ವಿಷಯದಲ್ಲಿ ನಮ್ಮ ಹಳ್ಳಿ ನಾವು ಮೊದಲು ಕಂಡ ದ್ವೀಪದಂತೆಯೇ: ಹೊರಗಿನ ಎಲ್ಲೆ ಸ್ಪಷ್ಟ, ಒಳಗಿನದು ಮಸಕು.

ಇದರಿಂದ ಬರುವ ಕಷ್ಟ ಸಣ್ಣದಲ್ಲ. ರೇಷ್ಮೆ ಸಾಕುವ ಕುಟುಂಬಕ್ಕೆ ಮನೆಯೆಂದರೆ ಹುಳು ಸಾಕುವ ಜಾಗವೂ ಹೌದು. ಅದನ್ನು ವಿಸ್ತರಿಸಲು ಸಾಲ ಬೇಕೆಂದರೆ ಬ್ಯಾಂಕು ದಾಖಲೆ ಕೇಳುತ್ತದೆ. ತಾತನ ಕಾಲದಿಂದ ವಾಸಿಸುತ್ತಿರುವ ಮನೆಗೆ ಕಂದಾಯದ ರಸೀದಿಯ ಹೊರತು ಅಳತೆಯುಳ್ಳ ಕಾಗದವೇ ಇರುವುದಿಲ್ಲ. ಪಂಚಾಯತಿಗಳ ಆಸ್ತಿಗಳಿಗಾಗಿ ೨೦೧೩ರ ಸುಮಾರಿಗೆ ಕರ್ನಾಟಕದಲ್ಲಿ 'ಇ-ಸ್ವತ್ತು' ಬಂದು ನಮೂನೆ ೯, ನಮೂನೆ ೧೧ ಎಂಬ ದಾಖಲೆಗಳು ದೊರೆಯತೊಡಗಿದವು. ೨೦೨೦ರ ಏಪ್ರಿಲ್ ೨೪ರಂದು ಕೇಂದ್ರ ಸರ್ಕಾರ 'ಸ್ವಾಮಿತ್ವ' ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿಯೇ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ರಾಮಠಾಣೆಯ ಮೇಲೆ ಡ್ರೋನ್ ಹಾರಿಸಿ ಮನೆ ಮನೆಯ ನಕ್ಷೆ ತೆಗೆದು ಹಕ್ಕಿನ ಕಾರ್ಡು ಕೊಡುವುದು ಇದರ ಉದ್ದೇಶ.

ಕೆಲಸ ನಡೆಯುವ ಕ್ರಮ ಸ್ವಾರಸ್ಯವಾಗಿದೆ. ಡ್ರೋನ್ ಬರುವ ಮೊದಲು ಊರಿನವರು ತಮ್ಮ ತಮ್ಮ ನಿವೇಶನದ ಅಂಚಿನಲ್ಲಿ ಸುಣ್ಣದ ಗೆರೆ ಎಳೆಯಬೇಕು. ನೆರೆಯವರಿಬ್ಬರೂ ಎದುರಿಗಿದ್ದು ಒಪ್ಪಬೇಕು. ಆಮೇಲೆ ಡ್ರೋನ್ ಹಾರುತ್ತ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಒಂದೇ ಮನೆಯನ್ನು ಬೇರೆ ಬೇರೆ ಕೋನಗಳಿಂದ ನೋಡಿದ ಈ ಚಿತ್ರಗಳನ್ನು ಹೆಣೆದು, ನೇರ ಮೇಲಿನಿಂದ ನೋಡಿದಂತಿರುವ ನಕ್ಷೆಯನ್ನು ಗಣಕಯಂತ್ರ ತಯಾರಿಸುತ್ತದೆ. ನಕ್ಷೆಯ ಮೇಲಿನ ಒಂದು ಅಂಗುಲಕ್ಕೆ ನೆಲದ ಮೇಲೆ ೫೦೦ ಅಂಗುಲ.

ಡ್ರೋನಿಗೆ ತಾನು ಎಲ್ಲಿರುವೆನೆಂದು ತಿಳಿಯುವುದು ಹೇಗೆ? ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ಸಂಕೇತ ಹೊರಟ ಹೊತ್ತು, ಬಂದು ಮುಟ್ಟಿದ ಹೊತ್ತು ತಿಳಿದರೆ ದೂರ ತಿಳಿಯುತ್ತದೆ. ಏಕೆಂದರೆ ಅದರ ವೇಗ ಬೆಳಕಿನದು, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಮೂರು ಉಪಗ್ರಹಗಳ ದೂರದಿಂದ ಸ್ಥಾನ ತಿಳಿಯುತ್ತದೆ. ಕೆಳಗಿನ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ ಒಂದು ಅಡಿಯಷ್ಟು ತಪ್ಪಾಗುತ್ತದೆ. ವಾತಾವರಣವೂ ಸಂಕೇತವನ್ನು ತಡೆತಡೆದು ಕಳುಹಿಸುತ್ತದೆ. ಇದಕ್ಕೊಂದು ಉಪಾಯ: ತನ್ನ ಸ್ಥಾನ ಮೊದಲೇ ಖಚಿತವಾಗಿ ತಿಳಿದಿರುವ ಒಂದು ಕೇಂದ್ರವನ್ನು ನೆಲದ ಮೇಲೆ ಸ್ಥಾಪಿಸುವುದು. ಉಪಗ್ರಹಗಳು ಹೇಳುವ ಸ್ಥಾನಕ್ಕೂ ತನ್ನ ನಿಜವಾದ ಸ್ಥಾನಕ್ಕೂ ಇರುವ ವ್ಯತ್ಯಾ��ವನ್ನು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಅಕ್ಕಪಕ್ಕದ ಸೀಮೆಯಲ್ಲೆಲ್ಲ ತಪ್ಪು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದನ್ನು ಕಳೆದುಬಿಟ್ಟರೆ ಉಳಿಯುವ ತಪ್ಪು ಕೆಲವೇ ಸೆಂಟಿಮೀಟರು. ಅಲುಗದ ಗುರುತೊಂದನ್ನು ನಂಬಿ ಉಳಿದುದನ್ನು ಅಳೆಯುವ ಈ ಕೇಂದ್ರವೂ ಒಂದು ಬಗೆಯ ಬಾಂದುಕಲ್ಲೇ.

ಅಳತೆ ಹೇಳಲಾರದ ಸಂಗತಿಗಳು

ಇಷ್ಟು ಸೂಕ್ಷ್ಮವಾದ ಸಾಧನ ಬಂದ ಮೇಲೆ ವ್ಯಾಜ್ಯಗಳೆಲ್ಲ ಮುಗಿದುವೆಂದು ಓದುಗರು ಭಾವಿಸಬಾರದು. ಡ್ರೋನ್ ಛಾವಣಿಯನ್ನು ಕಾಣುತ್ತದೆ. ಛಾವಣಿಯ ಕೆಳಗೆ ಯಾರಿಗೆ ಎಷ್ಟು ಹಕ್ಕೆಂದು ಕಾಣಲಾರದು. ಎರಡು ಮನೆಗಳ ನಡುವಣ ಒಂದೇ ಗೋಡೆ ಇಬ್ಬರಿಗೂ ಸೇರಿರಬಹುದು. ಸುಣ್ಣದ ಗೆರೆ ಎಳೆಯುವ ದಿನ ಊರಿನಲ್ಲಿಲ್ಲದ ತಮ್ಮನ ಪಾಲನ್ನು ಅಣ್ಣನ ಗೆರೆ ನುಂಗಬಹುದು. ಪಹಣಿಯೂ ಹಾಗೆಯೇ. ತಪ್ಪೆಂದು ಸಾಬೀತಾಗುವವರೆಗೆ ಅದರ ಬರವಣಿಗೆಯನ್ನು ನಿಜವೆಂದು ಕಾನೂನು ಭಾವಿಸುತ್ತದೆ. ಆದರೆ ಪಹಣಿಯೇ ಒಡೆತನದ ಕೊನೆಯ ಮಾತಲ್ಲ.

ಹೆಣ್ಣುಮಕ್ಕಳ ವಿಷಯವನ್ನು ನೋಡಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಜನ್ಮತಃ ಸಮಪಾಲೆಂದು ಕರ್ನಾಟಕ ೧೯೯೪ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. ೨೦೦೫ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು. ಕಾನೂನು ಹೀಗಿದ್ದರೂ ಸೀರೆ ಕುಪ್ಪಸ ಕೊಟ್ಟು ಹಕ್ಕು ಬಿಡಿಸಿಕೊಳ್ಳುವ ವಾಡಿಕೆ ಹಳ್ಳಿಯಲ್ಲಿ ಇನ್ನೂ ಇದೆ. ಸರಪಳಿಯಾಗಲಿ ಉಪಗ್ರಹವಾಗಲಿ ಇದನ್ನು ಅಳೆಯಲಾರದು.

ಎಲ್ಲರಿಗೂ ಸೇರಿದ ನೆಲದ ಪಾಡೂ ಇದೇ. ಗೋಮಾಳ, ಗುಂಡುತೋಪು, ಕೆರೆಯಂಗಳ, ಬಂಡಿದಾರಿಗಳಿಗೆ ನಕ್ಷೆಯಲ್ಲಿ ಗೆರೆಯುಂಟು, ಕಾಯುವ ಮನೆತನವಿಲ್ಲ. ಒಬ್ಬನ ಬೇಲಿ ದಾರಿಗೆ ಬಂದರೆ ಹಿಂದಿನ ಹತ್ತು ಹೊಲಗಳಿಗೆ ಗೊಬ್ಬರದ ಗಾಡಿ ಹೋಗುವಂತಿಲ್ಲ. ಆಗ ಹಳೆಯ ಗ್ರಾಮನಕಾಶೆಯನ್ನು ತೆಗೆಸಿ, ಅದರಲ್ಲಿ ಕಂಡ ದಾರಿಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ.

ಈಗ ದ್ವೀಪದ ಕಥೆಗೆ ಹಿಂತಿರುಗೋಣ. ಎಫಾಟೆಯ ಕಡಲಂಚಿಗೆ ಹೊರಗಿನವರು ಬಂದಂತೆ ಬೆಂಗಳೂರಿನ ಬೆಳವಣಿಗೆ ಕನಕಪುರ ರಸ್ತೆಯುದ್ದಕ್ಕೂ ಬಂದಿದೆ. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವೆದ್ದಿದೆ. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಅಡ್ಡಿಯನ್ನು ೨೦೨೦ರ ತಿದ್ದುಪಡಿ ತೆಗೆದುಹಾಕಿತು. ನೆಲಕ್ಕೆ ಬೆಲೆ ಬಂದಾಗ ಮೊದಲು ಬೆಲೆ ಕಳೆದುಕೊಳ್ಳುವುದು ನೆನಪು. ಪೋಡಿಯಾಗದ ಜಂಟಿ ಹೊಲದಲ್ಲಿ ಒಬ್ಬನು ಸಹಿ ಹಾಕಿದರೆ ಉಳಿದವರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ತಿರುಗಬೇಕಾಗಬಹುದು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವ ಮೊದಲು ಅಳೆದು '೧೧ಇ' ನಕ್ಷೆ ಮಾಡಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ ಬಂದುದು ಇಂಥ ತೊಡಕುಗಳನ್ನು ತಡೆಯುವುದಕ್ಕಾಗಿಯೇ.

ಆದುದರಿಂದ ಹಳ್ಳಿಯ ಓದುಗರಿಗೆ ನಾವು ಹೇಳಬಹುದಾದುದು ಇಷ್ಟು. ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ ಅವರನ್ನು ಕರೆದುಕೊಂಡು ಹೊಲದ ಸುತ್ತ ಒಮ್ಮೆ ನಡೆಯಬೇಕು. ಲಂಟಾನ ಸವರಿ ಬಾಂದುಕಲ್ಲುಗಳನ್ನು ಕಣ್ಣಾರೆ ನೋಡಬೇಕು. ಕಲ್ಲು ಕಾಣದಿದ್ದರೆ ನೆರೆಯವರೊಡನೆ ಜಗಳವಾಡುವ ಮೊದಲು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಟಿಪ್ಪಣಿಯ ಆಧಾರದ ಮೇಲೆ ಅಳೆಸಬೇಕು. ತೀರಿಹೋದವರ ಹೆಸರಿನಲ್ಲಿರುವ ಖಾತೆಯನ್ನು, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ, ಬದುಕಿರುವವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಸುಣ್ಣದ ಗೆರೆ ಎಳೆಯುವ ದಿನ ಮನೆಯಲ್ಲಿ ಪಾಲುಳ್ಳವರೆಲ್ಲರೂ ಹಾಜರಿರಬೇಕು.

ನಮ್ಮ ಹಳ್ಳಿಯವರ ಮಾತಿನಲ್ಲಿ ಬದುಕು ಎಂದರೆ ಬಾಳು ಮಾತ್ರವಲ್ಲ. ಹೊಲ, ಮನೆ, ದನ, ಕಾಳು ಎಲ್ಲವೂ ಬದುಕೇ. ಆ ಬದುಕಿನ ಅಂಚಿನಲ್ಲಿ ನಿಂತಿರುವ ಮೊಳದುದ್ದದ ಕಲ್ಲು ಎಲ್ಲಿದೆಯೆಂದು ಮನೆಯ ಮಕ್ಕಳಿಗೆಲ್ಲ ತಿಳಿದಿರಲಿ.